ಮಳೆಗಾಲ ಕಳೆದ ಮೇಲೆ ಮನೆ, ಪಲ್ಪರ್, ಬೋರ್‌ವೆಲ್: ವೈರು ಮತ್ತು ಮೋಟಾರುಗಳ ಇನ್ಸುಲೇಷನ್ ಪರೀಕ್ಷೆಗೆ ಸಮಗ್ರ ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳ ಕಡೆ ತೋಟದ ವಿದ್ಯುತ್ ಮೋಟಾರುಗಳು ವರ್ಷದಲ್ಲಿ ಓಡುವುದಕ್ಕಿಂತ ಸುಮ್ಮನೆ ನಿಲ್ಲುವುದೇ ಹೆಚ್ಚು. ಕೆರೆಯ ದಡದ ಸ್ಪ್ರಿಂಕ್ಲರ್ ಮೋಟಾರು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವಾಗ ಹಗಲಿರುಳು ದುಡಿದು, ಮುಂಗಾರು ಹಿಡಿದೊಡನೆ ತಿಂಗಳುಗಟ್ಟಲೆ ಅಲ್ಲೇ ಕುಳಿತುಬಿಡುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮನೆಯ ಮೋಟಾರು ಹಣ್ಣು ಕೊಯ್ಲಿನ ಕಾಲದಲ್ಲಿ ಮಾತ್ರ ತಿರುಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಡೀ ಮಳೆಯನ್ನು ನಿಂತಲ್ಲೇ ಕುಡಿಯುತ್ತದೆ. ನವೆಂಬರಿನಲ್ಲಿ ಮೊದಲ ದಿನದ ಹಣ್ಣು ತಂದು ಸುರಿದು ಸ್ಟಾರ್ಟರ್ ಒತ್ತಿದ ಕ್ಷಣದಲ್ಲೇ ಮೋಟಾರಿನ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಟ್ಟು ಹೋಗುವುದು ಈ ಭಾಗದಲ್ಲಿ ಅಪರೂಪದ ಸಂಗತಿಯಲ್ಲ. ಓಡುತ್ತಿರುವ ಮೋಟಾರು ತನ್ನ ಬಿಸಿಯಿಂದಲೇ ತನ್ನನ್ನು ಒಣಗಿಸಿಕೊಳ್ಳುತ್ತದೆ. ಮಲೆನಾಡಿನಲ್ಲಿ ಕೆಡುವುದು ನಿಂತ ಮೋಟಾರು. ಮನೆಯ ವೈರಿಂಗಿಗೂ ಬಹುಮಟ್ಟಿಗೆ ಇದೇ ಮಾತು ಅನ್ವಯಿಸುತ್ತದೆ.

ಕರೆಂಟ್ ಹೊರಗೆ ಸೋರದಂತೆ ತಡೆಯುವ ನಿರೋಧಕ, ಅಂದರೆ ಇನ್ಸುಲೇಷನ್, ಹೀಗೆ ಕೆಡುವುದು ಒಂದೇ ದಿನದಲ್ಲಿ ಆಗುವುದಿಲ್ಲವಾದ್ದರಿಂದ ಅದನ್ನು ಮೊದಲೇ ಅಳೆದು ತಿಳಿಯಲು ಸಾಧ್ಯವಿದೆ. ಅಳೆಯುವ ಉಪಕರಣ ಮೆಗ್ಗರ್. ಮನೆ, ಪಲ್ಪರ್ ಮೋಟಾರು ಮತ್ತು ಬೋರ್‌ವೆಲ್ ಪಂಪುಗಳನ್ನು ಅದರಿಂದ ಪರೀಕ್ಷಿಸುವ, ಒದ್ದೆಯಾದದ್ದನ್ನು ಒಣಗಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ. ಬೋರ್ಡು ಬಿಚ್ಚುವ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ತೋಟದ ಮಾಲೀಕರು ಅಥವಾ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಪಕ್ಕದಲ್ಲಿ ನಿಂತು, ಏನನ್ನು ಅಳೆಯುತ್ತಿದ್ದಾರೆ ಮತ್ತು ಬಂದ ಅಂಕಿ ಏನು ಹೇಳುತ್ತದೆ ಎಂಬುದನ್ನು ಅರಿತಿದ್ದರೆ ಅರ್ಧ ಕೆಲಸ ಮುಗಿದಂತೆ.

ನಿರೋಧಕ ವಸ್ತು ಸೋಲುವ ಬಗೆ

ಯಾವ ವಸ್ತುವೂ ವಿದ್ಯುತ್ತನ್ನು ನೂರಕ್ಕೆ ನೂರು ತಡೆಯುವುದಿಲ್ಲ. ವೈರಿನ ಮೇಲಿನ ಪಿವಿಸಿ ಹೊದಿಕೆಯ ಮೂಲಕವೂ, ಮೋಟಾರಿನ ಎನಾಮಲ್ ಲೇಪದ ಮೂಲಕವೂ ಅತಿ ಸೂಕ್ಷ್ಮ ಪ್ರಮಾಣದ ಕರೆಂಟ್ ಸದಾ ಸೋರುತ್ತಲೇ ಇರುತ್ತದೆ. ಈ ಸೋರಿಕೆಗೆ ಎರಡು ದಾರಿಗಳಿವೆ. ಒಂದು ವಸ್ತುವಿನ ಒಡಲಿನ ಮೂಲಕ ಹೋಗುವ ದಾರಿ, ಇನ್ನೊಂದು ಅದರ ಮೈಮೇಲೆ ಹರಿಯುವ ದಾರಿ. ಒಳ್ಳೆಯ ಪಿವಿಸಿಯ ಒಡಲು ಬಹಳ ವರ್ಷ ಗಟ್ಟಿಯಾಗಿಯೇ ಇರುತ್ತದೆ; ಆದರೆ ಅದರ ಮೈಮೇಲೆ ಧೂಳು ಕುಳಿತು, ಆ ಧೂಳು ಗಾಳಿಯ ತೇವವನ್ನು ಹೀರಿಕೊಂಡರೆ, ಸೋರಿಕೆ ಹೊರಗಿನಿಂದಲೇ ಆರಂಭವಾಗುತ್ತದೆ. ಶುದ್ಧ ನೀರು ಅಷ್ಟೇನೂ ಒಳ್ಳೆಯ ವಾಹಕವಲ್ಲ. ಧೂಳು, ಲವಣ, ಮಸಿಗಳು ಕರಗಿದ ನೀರು ವಾಹಕ. ಹೀಗಾಗಿ ಬರಿಯ ಮಳೆಗಿಂತ, ಮಳೆ ಮತ್ತು ಕೊಳೆ ಕೂಡಿದ ಜಾಗ ಹೆಚ್ಚು ಅಪಾಯದ್ದು.

ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರುಗಳ ಆಕಾರವನ್ನು ಗಮನಿಸಿದರೆ ಈ ಮೈಮೇಲಿನ ಸೋರಿಕೆಯನ್ನು ತಡೆಯುವ ಜಾಣ್ಮೆ ಕಾಣುತ್ತದೆ. ಹಂಚಿನ ಮಾಡಿನ ಸೂರು ಗೋಡೆಯನ್ನು ಕಾಯುವಂತೆ ಇನ್ಸುಲೇಟರಿನ ಅಗಲವಾದ ಅಂಚು ತನ್ನ ಕೆಳಭಾಗವನ್ನು ಒಣದಾಗಿ ಇಡುತ್ತದೆ, ಜೊತೆಗೆ ಸೋರಿಕೆ ಹಾದುಹೋಗಬೇಕಾದ ದಾರಿಯನ್ನು ಉದ್ದ ಮಾಡುತ್ತದೆ. ಮೈಸೂರು ಸಂಸ್ಥಾನವು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ ಸಾಗಿಸಿ, ಮುಂದೆ ಬೆಂಗಳೂರಿನಲ್ಲಿ ತನ್ನದೇ ಪಿಂಗಾಣಿ ಕಾರ್ಖಾನೆಯನ್ನು ಕಟ್ಟಿದ್ದನ್ನು ನೋಡಿದರೆ, ತಂತಿ ಎಳೆಯುವಷ್ಟೇ ಮುಖ್ಯ ಅದನ್ನು ಕಂಬದಿಂದ ದೂರ ಇಡುವುದು ಎಂಬುದು ಆಗಿನವರಿಗೆ ಚೆನ್ನಾಗಿ ತಿಳಿದಿತ್ತು ಎನ್ನಬೇಕು.

ತೇವದ ನಂತರದ ಶತ್ರು ಶಾಖ. ಸಾಮಾನ್ಯ ಪಿವಿಸಿ ವೈರಿನ ಒಳಗಿನ ತಾಮ್ರ 70 ಡಿಗ್ರಿ ಸೆಲ್ಸಿಯಸ್ ದಾಟದಂತೆ ಬಳಸಬೇಕು. ಎಕ್ಸ್‌ಎಲ್‌ಪಿಇ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ 90 ಡಿಗ್ರಿಯವರೆಗೆ ತಡೆಯುತ್ತದೆ. ಮೋಟಾರಿನ ನಾಮಫಲಕದ ಮೇಲೆ ‘ಇನ್ಸುಲೇಷನ್ ಕ್ಲಾಸ್’ ಎಂದು ಒಂದು ಅಕ್ಷರ ಇರುತ್ತದೆ. ಬಿ ಎಂದರೆ 130, ಎಫ್ ಎಂದರೆ 155, ಎಚ್ ಎಂದರೆ 180 ಡಿಗ್ರಿ. ಬಹಳ ಹಳೆಯ ಮೋಟಾರುಗಳಲ್ಲಿ 105 ಡಿಗ್ರಿಯ ಎ ಅಥವಾ 120 ಡಿಗ್ರಿಯ ಇ ಇದ್ದೀತು. ಈ ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ ನಿರೋಧಕದ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ಇಲಿ, ಹೆಗ್ಗಣ, ಬಿಸಿಲುಗಳ ಕಾಟವನ್ನು ಹೇಳಿಯೇ ತಿಳಿಯಬೇಕಾಗಿಲ್ಲ.

ಮೊದಲ ಹಂತ: ಸರಿಯಾದ ಉಪಕರಣ

ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರಿನಿಂದ ಇನ್ಸುಲೇಷನ್ ಅಳೆಯಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಕೆಲವೇ ವೋಲ್ಟ್‌ಗಳಲ್ಲಿ ಅಳೆಯುವುದರಿಂದ, 230 ವೋಲ್ಟ್ ಬಂದಾಗ ಸೋರುವ ತೇವದ ಜಾಗವೂ ಅದರ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಮೆಗ್ಗರ್ ಹಾಗಲ್ಲ, ಅದು 250, 500 ಅಥವಾ 1000 ವೋಲ್ಟ್ ಡಿಸಿಯನ್ನು ಹಾಕಿ, ನಿರೋಧಕವನ್ನು ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನಿಲ್ಲಿಸಿ ನೋಡುತ್ತದೆ. ಇಂಗ್ಲೆಂಡಿನಲ್ಲಿ ಕೈಯಲ್ಲಿ ಒಯ್ಯಬಹುದಾದ ಇಂಥ ಮೊದಲ ಉಪಕರಣ 1889ರಲ್ಲಿ ಬಂತು. ಮೆಗ್ಗರ್ ಎಂಬುದು 1903ರಲ್ಲಿ ನೋಂದಾಯಿಸಿದ ವ್ಯಾಪಾರ ಹೆಸರಾಗಿದ್ದು, ಈಗ ಯಾವ ಕಂಪನಿಯದ್ದಾದರೂ ಎಲ್ಲರೂ ಅದೇ ಹೆಸರಿನಿಂದ ಕರೆಯುತ್ತಾರೆ.

ಮನೆ ಮತ್ತು 415 ವೋಲ್ಟ್‌ನ ತ್ರೀಫೇಸ್ ಮೋಟಾರುಗಳಿಗೆ 500 ವೋಲ್ಟ್‌ನ ಮೆಗ್ಗರ್ ಸಾಕು. ಕೈಯಿಂದ ತಿರುಗಿಸುವ ಹಳೆಯ ಮಾದರಿಯಾದರೆ ಹಿಡಿಯನ್ನು ನಿಮಿಷಕ್ಕೆ ಸುಮಾರು 160 ಸುತ್ತಿನಂತೆ ಒಂದೇ ವೇಗದಲ್ಲಿ ತಿರುಗಿಸಬೇಕು. ಬ್ಯಾಟರಿಯದ್ದಾದರೆ ಗುಂಡಿ ಒತ್ತಿ ಹಿಡಿದರಾಯಿತು. ಕೆಲಸಕ್ಕೆ ಮೊದಲು ಉಪಕರಣವನ್ನೇ ಪರೀಕ್ಷಿಸಿಕೊಳ್ಳಬೇಕು. ಎರಡು ಲೀಡ್‌ಗಳನ್ನು ಬಿಡಿಬಿಡಿಯಾಗಿ ಗಾಳಿಯಲ್ಲಿ ಹಿಡಿದಾಗ ಮುಳ್ಳು ಅನಂತಕ್ಕೆ ಹೋಗಬೇಕು, ಒಂದಕ್ಕೊಂದು ಮುಟ್ಟಿಸಿದಾಗ ಸೊನ್ನೆಗೆ ಬರಬೇಕು. ಬಿಡಿಯಾಗಿ ಹಿಡಿದಾಗಲೇ ಕೆಲವು ಮೆಗಾಓಮ್ (ನಿರೋಧದ ಅಳತೆ; ಅಂಕಿ ಹೆಚ್ಚಿದಷ್ಟೂ ಸೋರಿಕೆ ಕಡಿಮೆ) ತೋರಿಸಿದರೆ ಲೀಡ್‌ಗಳು ಒದ್ದೆಯಾಗಿವೆ ಅಥವಾ ಬಿರುಕು ಬಿಟ್ಟಿವೆ ಎಂದರ್ಥ.

ಎರಡನೇ ಹಂತ: ಕರೆಂಟ್ ನಿಜವಾಗಿ ಹೋಗಿದೆಯೇ

ಮೇನ್ ಸ್ವಿಚ್ ಇಳಿಸಿದರೆ ಮನೆ ಸತ್ತಿತು ಎಂದು ತಿಳಿಯುವ ಕಾಲ ಈಗ ಇಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ ಒದ್ದಾಡುವ ಊರುಗಳಲ್ಲಿ ಬಹುತೇಕ ಮನೆಗೆ ಯುಪಿಎಸ್ ಇದೆ, ಎಸ್ಟೇಟುಗಳಲ್ಲಿ ಜನರೇಟರ್ ಇದೆ, ಕೆಲವು ಕಡೆ ಸೋಲಾರ್ ಇನ್ವರ್ಟರ್ ಇದೆ. ಮೇನ್ ಇಳಿಸಿದ ಕೂಡಲೇ ಯುಪಿಎಸ್ ತಾನೇ ಎಚ್ಚೆತ್ತು ಅರ್ಧ ಮನೆಗೆ 230 ವೋಲ್ಟ್ ಕೊಡುತ್ತದೆ. ಆದ್ದರಿಂದ ಮೇನ್ ಇಳಿಸಿ, ಯುಪಿಎಸ್‌ನ ಹೊರಹೋಗುವ ಲೈನನ್ನು ಕಳಚಿ, ಜನರೇಟರಿನ ಚೇಂಜ್‌ಓವರ್ ಸ್ವಿಚ್ಚನ್ನು ನಡುವಿನ ಸ್ಥಾನಕ್ಕೆ ತಂದು, ಆಮೇಲೆ ಪ್ರತಿ ವೈರಿನಲ್ಲೂ ಕರೆಂಟ್ ಇಲ್ಲವೆಂಬುದನ್ನು ಎರಡು ತುದಿಯ ಟೆಸ್ಟರ್ ಅಥವಾ ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರನ್ನು ಮಾತ್ರ ನಂಬಿ ಕೈ ಹಾಕಬಾರದು. ಹಗಲಿನ ಬೆಳಕಿನಲ್ಲಿ ಅದರ ಮಿಣುಕು ಕಾಣದೆ ಹೋಗಬಹುದು, ಒಣ ಮರದ ಹಲಗೆಯ ಮೇಲೆ ನಿಂತವರ ಕೈಯಲ್ಲಿ ಹೊತ್ತದೆಯೂ ಇರಬಹುದು. ಮೀಟರಿನ ಆಚೆಗಿನ ಸರ್ವೀಸ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದು ವಿದ್ಯುತ್ ಪೂರೈಸುವ ಕಂಪನಿಗೆ, ಅಂದರೆ ಹಾಸನ ಜಿಲ್ಲೆಯಲ್ಲಿ ಸೆಸ್ಕ್‌ಗೆ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೆಸ್ಕಾಂಗೆ ಸೇರಿದ ವ್ಯಾಪ್ತಿಯಾದ್ದರಿಂದ ಅತ್ತ ಕೈ ಹಾಕುವಂತಿಲ್ಲ.

ಮೂರನೇ ಹಂತ: ಕಣ್ಣಿನ ಪರೀಕ್ಷೆ

ಮೆಗ್ಗರ್ ಹಚ್ಚುವ ಮುನ್ನ ಟಾರ್ಚ್ ಹಿಡಿದು ಇಡೀ ದಾರಿಯನ್ನು ಒಮ್ಮೆ ನೋಡಿ ಬರಬೇಕು. ಹಂಡೆ ಒಲೆಯ ಬಚ್ಚಲು, ಸೌದೆ ಒಲೆಯ ಅಡುಗೆಮನೆ, ಅವುಗಳ ಮೇಲಿನ ಅಟ್ಟ ಇವು ಮೊದಲು ನೋಡಬೇಕಾದ ಜಾಗಗಳು. ಅಲ್ಲಿ ಹೊಗೆಯ ಮಸಿ ಹೋಲ್ಡರುಗಳ, ಜಂಕ್ಷನ್ ಬಾಕ್ಸುಗಳ ಒಳಗೂ ಕುಳಿತಿರುತ್ತದೆ. ಮಸಿ ಎಂದರೆ ಇಂಗಾಲ, ಇಂಗಾಲ ವಿದ್ಯುತ್ ವಾಹಕ. ಅದಕ್ಕೆ ಸ್ನಾನದ ಹಬೆಯೂ ಸೇರಿದರೆ ಸೋರಿಕೆಗೆ ಬೇಕಾದ ಎಲ್ಲವೂ ಒದಗಿದಂತೆ. ಸ್ವಿಚ್ ಅಥವಾ ಸಾಕೆಟ್ ಸುತ್ತ ಕಂದು ಬಣ್ಣ ಕಂಡರೆ ಒಳಗೆ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ ಎಂದರ್ಥ. ಅಲ್ಲಿಯ ಪಿವಿಸಿಯನ್ನು ಬೆರಳಿನಿಂದ ಬಾಗಿಸಿದರೆ ಚೂರಾಗಿ ಉದುರುತ್ತದೆ.

ಹಳೆಯ ತೊಟ್ಟಿ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ, ಬಟ್ಟೆ ಹೊದಿಕೆಯ ರಬ್ಬರ್ ವೈರುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ, ಬಟ್ಟೆ ತೇವ ಹೀರುತ್ತದೆ. ಇವುಗಳನ್ನು ಅಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಬದಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯಲ್ಲಿ ಒಳ್ಳೆಯ ಅಂಕಿ ಕೊಟ್ಟ ಇಂಥ ವೈರು ಜುಲೈನಲ್ಲಿ ಅದೇ ಅಂಕಿಯನ್ನು ಕೊಡುತ್ತದೆಂಬ ಭರವಸೆ ಇಲ್ಲ.

ನಾಲ್ಕನೇ ಹಂತ: ಮನೆಯ ವೈರಿಂಗ್ ಅಳೆಯುವುದು

ಟಿವಿ, ಫ್ರಿಜ್, ಮಿಕ್ಸಿ, ಚಾರ್ಜರ್ ಎಲ್ಲದರ ಪ್ಲಗ್ ಕಿತ್ತಿಡಬೇಕು. ಎಲ್‌ಇಡಿ ಬಲ್ಬುಗಳನ್ನು ಬಿಚ್ಚಬೇಕು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳನ್ನು ಕಳಚಬೇಕು, ಸಿಡಿಲಿನ ಹೊಡೆತ ತಡೆಯಲು ಬೋರ್ಡಿನಲ್ಲಿ ಹಾಕಿಸಿದ ಸರ್ಜ್ ಅರೆಸ್ಟರ್ ಇದ್ದರೆ ಅದರ ವೈರನ್ನೂ ತೆಗೆಯಬೇಕು. 500 ವೋಲ್ಟ್ ಡಿಸಿ ಇವುಗಳ ಒಳಗೆ ಹೋದರೆ ಅವು ಹಾಳಾಗಬಹುದು ಅಥವಾ ನಮ್ಮ ಅಳತೆಯನ್ನೇ ತಪ್ಪಿಸಬಹುದು. ಕಳಚಲು ಸಾಧ್ಯವೇ ಇಲ್ಲದ ಎಲೆಕ್ಟ್ರಾನಿಕ್ ಸಾಧನ ಇರುವ ಸರ್ಕ್ಯೂಟನ್ನು 250 ವೋಲ್ಟ್‌ನಲ್ಲಿ ಮಾತ್ರ ಪರೀಕ್ಷಿಸಬೇಕು. ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚಿನ ಮೂಲಕವೂ ಅಳೆಯಬಾರದು. ಅದರಿಂದ ಹೊರಬರುವ ವೈರುಗಳನ್ನು ಬಿಚ್ಚಿಕೊಂಡು ಅಳೆಯಬೇಕು.

ಈಗ ಮನೆಯ ಎಲ್ಲ ಸ್ವಿಚ್‌ಗಳನ್ನೂ ಆನ್ ಮಾಡಿ, ಫೇಸ್ ಮತ್ತು ನ್ಯೂಟ್ರಲ್ ವೈರುಗಳನ್ನು ಒಟ್ಟಿಗೆ ಸೇರಿಸಿ ಮೆಗ್ಗರಿನ ಒಂದು ಲೀಡ್‌ಗೆ, ಅರ್ಥ್ ವೈರನ್ನು ಇನ್ನೊಂದಕ್ಕೆ ಹಿಡಿಯಬೇಕು. ಸ್ವಿಚ್ ಆಫ್ ಇದ್ದರೆ ಅದರಿಂದಾಚೆಗಿನ ವೈರು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಮೆಟ್ಟಿಲಿನ ಟೂ-ವೇ ಸ್ವಿಚ್‌ಗಳಿದ್ದಲ್ಲಿ ಅವನ್ನು ಒಮ್ಮೆ ಆಚೆ, ಒಮ್ಮೆ ಈಚೆ ಮಾಡಿ ಎರಡು ಸಲ ಅಳೆಯಬೇಕು. ಅರ್ಥ್ ವೈರೇ ಇಲ್ಲದ ಹಳೆಯ ಮನೆಗಳಲ್ಲಿ ಮೀಟರ್ ಬೋರ್ಡಿನ ಬಳಿಯ ಅರ್ಥ್‌ನಿಂದ ತಾತ್ಕಾಲಿಕವಾಗಿ ಒಂದು ಉದ್ದನೆಯ ವೈರು ಎಳೆದುಕೊಳ್ಳಬಹುದು. ನಂತರ ಬಲ್ಬು, ಉಪಕರಣಗಳೆಲ್ಲ ಕಳಚಿದ ಸ್ಥಿತಿಯಲ್ಲೇ ಫೇಸ್ ಮತ್ತು ನ್ಯೂಟ್ರಲ್‌ಗಳನ್ನು ಬೇರ್ಪಡಿಸಿ ಅವುಗಳ ನಡುವೆ ಅಳೆಯಬೇಕು.

ಅಂಕಿಯನ್ನು ಓದುವುದು ಹೀಗೆ. 500 ವೋಲ್ಟ್‌ನಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟನ್ನು ಸರಿಪಡಿಸದೆ ಬಳಸಬಾರದು. ಹೊಸ ವೈರಿಂಗ್ ಒಣ ದಿನದಲ್ಲಿ ನೂರಾರು ಮೆಗಾಓಮ್ ತೋರಿಸುತ್ತದೆ. 1ಕ್ಕೂ ನೂರಕ್ಕೂ ನಡುವೆ ಬಂದರೆ ಸದ್ಯಕ್ಕೆ ಅಪಾಯವಿಲ್ಲ, ಆದರೆ ಕಳೆದ ವರ್ಷ ಎಷ್ಟಿತ್ತು ಎಂಬುದನ್ನು ನೋಡಲೇಬೇಕು.

ಆರ್‌ಸಿಸಿಬಿ ಇದೆಯಲ್ಲ, ಮೆಗ್ಗರ್ ಏಕೆ ಎಂದು ಹಲವರು ಕೇಳುತ್ತಾರೆ. ಜೀವರಕ್ಷಣೆಗೆ ಬಳಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯು 15ರಿಂದ 30 ಮಿಲಿಆಂಪಿಯರ್ ಸೋರಿಕೆಯ ನಡುವೆ ಎಲ್ಲೋ ಒಂದು ಕಡೆ ಟ್ರಿಪ್ ಆಗುತ್ತದೆ. 230 ವೋಲ್ಟ್‌ನಲ್ಲಿ 15 ಮಿಲಿಆಂಪಿಯರ್ ಸೋರಬೇಕಾದರೆ ನಿರೋಧ ಸುಮಾರು 15 ಸಾವಿರ ಓಮ್‌ಗೆ ಕುಸಿದಿರಬೇಕು. 1 ಮೆಗಾಓಮ್ ಎಂದರೆ ಹತ್ತು ಲಕ್ಷ ಓಮ್. ಅಂದರೆ ನಿರೋಧವು ಮಿತಿಯ ಅರುವತ್ತನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯುವವರೆಗೆ ಆರ್‌ಸಿಸಿಬಿಗೆ ಅದರ ಸುಳಿವೇ ಇರುವುದಿಲ್ಲ. ಮೆಗ್ಗರ್ ಅದನ್ನು ವರ್ಷಗಳ ಮೊದಲೇ ತೋರಿಸೀತು. ಆರ್‌ಸಿಸಿಬಿ ಬೇಡ ಎಂಬುದು ಇದರ ಅರ್ಥವಲ್ಲ. ಮಳೆ ಬಂದಾಗಲೆಲ್ಲ ಅದು ಬೀಳುತ್ತದೆಂದು ಅದನ್ನೇ ಬೈಪಾಸ್ ಮಾಡಿಸಿಕೊಳ್ಳುವ ಕೆಟ್ಟ ಅಭ್ಯಾಸ ನಮ್ಮ ಕಡೆ ಇದೆ. ಅದು ಬಿದ್ದರೆ ಮನೆಯೊಳಗೆ ಎಲ್ಲೋ ನಿಜವಾದ ಸೋರಿಕೆ ಇದೆ.

ಆ ಸೋರಿಕೆಯ ಜಾಗವನ್ನು ಹುಡುಕಲು ದಾರಿಯನ್ನು ಅರ್ಧರ್ಧ ಮಾಡುತ್ತಾ ಹೋಗಬೇಕು. ಮೊದಲು ಬೋರ್ಡಿನ ಪ್ರತಿ ಎಂಸಿಬಿ ಸ್ವಿಚ್ಚಿನ ಸರ್ಕ್ಯೂಟನ್ನು ಬೇರೆಬೇರೆಯಾಗಿ ಅಳೆದು ಕೆಟ್ಟದ್ದನ್ನು ಗುರುತಿಸಿ, ಆ ಸರ್ಕ್ಯೂಟಿನ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ವೈರುಗಳನ್ನು ಬಿಡಿಸಿ ಎರಡೂ ಕಡೆ ಅಳೆಯಬೇಕು. ಗೇಟಿನ ದೀಪ, ಅಂಗಳದ ದೀಪ, ದನದ ಕೊಟ್ಟಿಗೆಯ ಹೋಲ್ಡರ್, ಆರ್‌ಸಿಸಿ ಸೂರಿನ ಒಳಗೆ ನೀರು ತುಂಬಿಕೊಂಡ ಪೈಪು ಇವೇ ಬಹುತೇಕ ಸಲ ಸಿಕ್ಕಿಬೀಳುವ ಕಳ್ಳರು.

ಗೀಸರಿನ ವಿಷಯ ಸ್ವಲ್ಪ ಬೇರೆ. ಅದರ ಕಾಯಿಲ್ ಒಳಗೆ ಬಿಸಿಯಾಗುವ ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೆಗ್ನೀಸಿಯಮ್ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಶಾಖವನ್ನು ಸಲೀಸಾಗಿ ಬಿಟ್ಟುಕೊಟ್ಟು ವಿದ್ಯುತ್ತನ್ನು ಮಾತ್ರ ತಡೆಯುವ ಅಪರೂಪದ ಗುಣ ಈ ಪುಡಿಗಿದೆ; ಆದರೆ ಅದು ಗಾಳಿಯ ತೇವವನ್ನೂ ಹೀರುತ್ತದೆ. ಹಂಡೆ ಒಲೆಯನ್ನೇ ಬಳಸುತ್ತಾ ಗೀಸರನ್ನು ನೆಂಟರು ಬಂದಾಗ ಮಾತ್ರ ಹಾಕುವ ಮನೆಗಳಲ್ಲಿ ಕಾಯಿಲ್ ತುದಿಯ ಸೀಲ್ ಸಡಿಲವಾಗಿದ್ದರೆ ಪುಡಿ ಒದ್ದೆಯಾಗಿ ಆರ್‌ಸಿಸಿಬಿ ಬೀಳುತ್ತದೆ. ಕಾಯಿಲನ್ನು ಹೊರತೆಗೆದು ಬೆಚ್ಚಗಿನ ಒಣ ಜಾಗದಲ್ಲಿ ಒಣಗಿಸಿ, ಮತ್ತೆ ಅಳೆದರೂ 1 ಮೆಗಾಓಮ್ ದಾಟದಿದ್ದರೆ ಹೊಸದನ್ನು ಹಾಕಿಸುವುದು ಉತ್ತಮ.

ಐದನೇ ಹಂತ: ಪಲ್ಪರ್ ಮೋಟಾರು

ಈ ಕೆಲಸವನ್ನು ಅಕ್ಟೋಬರಿನಲ್ಲೇ ಮುಗಿಸಬೇಕು. ಹಣ್ಣು ಬಂದ ದಿನ ಮೋಟಾರು ಒದ್ದೆಯೆಂದು ಗೊತ್ತಾದರೆ ಒಣಗಿಸಲು ಸಮಯವಿರುವುದಿಲ್ಲ, ಕೊಯ್ದ ಹಣ್ಣು ಕಾಯುವುದೂ ಇಲ್ಲ.

ಸ್ಟಾರ್ಟರಿನ ಬಾಗಿಲು ತೆರೆದರೆ ಸಾಮಾನ್ಯವಾಗಿ ಮೊದಲು ಕಾಣುವುದು ಹಲ್ಲಿಯ ಮೊಟ್ಟೆ, ಕಣಜದ ಮಣ್ಣಿನ ಗೂಡು, ಇರುವೆಯ ಸಾಲು. ಎಲ್ಲವನ್ನೂ ಒಣ ಬ್ರಷ್‌ನಿಂದ ಗುಡಿಸಬೇಕು. ಮೋಟಾರಿನ ಫ್ಯಾನ್ ಕವರ್ ಬಿಚ್ಚಿ, ಕಾಫಿ ಸಿಪ್ಪೆಯ ಒಣಗಿದ ಪುಡಿ, ಬೆಲ್ಲದಂಟಿನ ಲೋಳೆ ಇದ್ದರೆ ತೆಗೆಯಬೇಕು. ಪಲ್ಪಿಂಗ್‌ನ ನೀರು ಸಕ್ಕರೆ ಅಂಶವಿರುವ, ಹುಳಿಯುವ ನೀರು; ಅದು ಟರ್ಮಿನಲ್ ಬಾಕ್ಸಿಗೆ ಇಳಿದು ಒಣಗಿದರೆ ಬಿಟ್ಟುಹೋಗುವ ಪದರ ಮುಂದಿನ ಮಳೆಗಾಲದುದ್ದಕ್ಕೂ ತೇವವನ್ನು ಎಳೆದುಕೊಳ್ಳುತ್ತದೆ. ಸಂಜೆ ಪೈಪ್ ಹಿಡಿದು ಇಡೀ ಪಲ್ಪರನ್ನು ತೊಳೆಯುವಾಗ ಮೋಟಾರಿಗೆ ಒಂದು ತಗಡಿನ ಮರೆ ಕಟ್ಟಿಸಿದರೆ ಈ ತೊಂದರೆಯ ಬಹುಭಾಗ ತಪ್ಪುತ್ತದೆ.

ಅಳೆಯಲು ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಕೇಬಲನ್ನು ಮೋಟಾರಿನ ಕಡೆಯಿಂದಲೇ ಕಳಚಬೇಕು. ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನವಾದ ವಿಎಫ್‌ಡಿ ಹಾಕಿರುವ ಮೋಟಾರಾದರೆ ಇದು ಕಡ್ಡಾಯ, ಏಕೆಂದರೆ ಮೆಗ್ಗರಿನ ವೋಲ್ಟೇಜ್ ವಿಎಫ್‌ಡಿಯ ಒಳಗಿನ ಬಿಡಿಭಾಗಗಳನ್ನು ಸುಡುತ್ತದೆ. ಸ್ಟಾರ್-ಡೆಲ್ಟಾ ಮೋಟಾರಿನಲ್ಲಿ ಆರು ತುದಿಗಳಿರುತ್ತವೆ; ನಡುವಿನ ಲಿಂಕ್‌ಗಳಿದ್ದರೆ ತೆಗೆದು ಮೂರೂ ವೈಂಡಿಂಗ್‌ಗಳನ್ನು ಬೇರ್ಪಡಿಸಬೇಕು. ಪ್ರತಿ ವೈಂಡಿಂಗಿಗೂ ಮೋಟಾರಿನ ಲೋಹದ ಬಾಡಿಯ ನಡುವೆ ಒಮ್ಮೆ, ಉಳಿದ ಎರಡು ವೈಂಡಿಂಗ್‌ಗಳ ನಡುವೆ ಒಮ್ಮೆ ಅಳೆಯಬೇಕು. ಬಾಡಿಯ ಕಡೆಯ ಲೀಡನ್ನು ಬಣ್ಣ ಕೆರೆದ ಹೊಳೆಯುವ ಲೋಹಕ್ಕೇ ಹಿಡಿಯಬೇಕು. ಬಣ್ಣದ ಮೇಲೆ ಹಿಡಿದರೆ ಬಣ್ಣದ ನಿರೋಧವೂ ಸೇರಿ ಸುಳ್ಳು ಸಮಾಧಾನ ಸಿಗುತ್ತದೆ. ಪೂರ್ತಿ ಒಂದು ನಿಮಿಷ ಹಿಡಿದ ಮೇಲಿನ ಅಂಕಿಯೇ ಲೆಕ್ಕಕ್ಕೆ. 30ನೇ ಸೆಕೆಂಡಿನಲ್ಲಿ ಎಷ್ಟಿತ್ತೆಂಬುದನ್ನೂ ಗುರುತು ಹಾಕಿಕೊಂಡರೆ ಇನ್ನೊಂದು ಸುಳಿವು ದೊರೆಯುತ್ತದೆ: ಒಣಗಿದ ವೈಂಡಿಂಗಿನಲ್ಲಿ ಅಂಕಿ ಮೆಲ್ಲಗೆ ಏರುತ್ತದೆ, ಒದ್ದೆಯಾದದ್ದರಲ್ಲಿ ಇದ್ದಲ್ಲೇ ಕಚ್ಚಿಕೊಂಡಿರುತ್ತದೆ. ಮುಗಿದ ಮೇಲೆ ವೈಂಡಿಂಗನ್ನು ಮೋಟಾರಿನ ಬಾಡಿಯ ಲೋಹಕ್ಕೆ ಜೋಡಿಸಿ ಕೆಲವು ನಿಮಿಷ ಬಿಡಬೇಕು. ಅದರಲ್ಲಿ ಉಳಿದ ಚಾರ್ಜ್ ಕೈಗೆ ಹೊಡೆಯಬಲ್ಲದು.

ಇಂದಿನ ಸಾಮಾನ್ಯ ತ್ರೀಫೇಸ್ ಮೋಟಾರಿಗೆ 40 ಡಿಗ್ರಿ ಉಷ್ಣತೆಯಲ್ಲಿ ಕನಿಷ್ಠ 5 ಮೆಗಾಓಮ್ ಇರಬೇಕು. ಉಷ್ಣತೆಯ ಷರತ್ತನ್ನು ಮರೆತರೆ ಇಡೀ ಪರೀಕ್ಷೆ ದಾರಿ ತಪ್ಪುತ್ತದೆ. ವೈಂಡಿಂಗಿನ ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ನಿರೋಧ ಸುಮಾರು ಅರ್ಧವಾಗುತ್ತದೆ. ಮೂಡಿಗೆರೆಯ ತಂಪು ಬೆಳಗಿನ 20 ಡಿಗ್ರಿಯಲ್ಲಿ 20 ಮೆಗಾಓಮ್ ಬಂದರೆ, 40 ಡಿಗ್ರಿಯ ಲೆಕ್ಕಕ್ಕೆ ಅದು ಬರಿಯ 5. ಅಂದರೆ ಚಳಿಯಲ್ಲಿ ಬಂದ 20 ಎಂಬುದು ಅಂಚಿನಲ್ಲಿ ನಿಂತ ಮೋಟಾರು. ಮಂಜು ಕವಿದ ಮುಂಜಾನೆ ತಣ್ಣಗಿನ ಲೋಹದ ಮೇಲೆ ಇಬ್ಬನಿ ಕಟ್ಟಿರುವಾಗ ಅಳೆಯುವುದೂ ಸರಿಯಲ್ಲ. ಆಗ ಬರುವುದು ಮೈಮೇಲಿನ ನೀರಿನ ಅಂಕಿ. ಹತ್ತು ಗಂಟೆಯ ಬಿಸಿಲು ಬಂದ ಮೇಲೆ ಅಳೆಯುವುದು ಒಳ್ಳೆಯದು.

ಆರನೇ ಹಂತ: ಒದ್ದೆ ವೈಂಡಿಂಗ್ ಒಣಗಿಸುವುದು

ಅಂಕಿ ಕಡಿಮೆ ಬಂದ ತಕ್ಷಣ ಹೊಸ ತಂತಿ ಸುತ್ತಿಸುವ ರಿವೈಂಡಿಂಗ್‌ಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಬರಿಯ ತೇವದಿಂದ ಇಳಿದ ನಿರೋಧ ಒಣಗಿದರೆ ಮರಳಿ ಬರುತ್ತದೆ. ಎರಡೂ ಕಡೆಯ ಕವರ್ ಬಿಚ್ಚಿ, ತಿರುಗುವ ಭಾಗವಾದ ರೋಟರನ್ನು ಹೊರತೆಗೆದು, ವೈಂಡಿಂಗ್ ಇರುವ ಹೊರಭಾಗವಾದ ಸ್ಟೇಟರನ್ನು ಇಟ್ಟಿಗೆಗಳ ಮೇಲೆ ಇಟ್ಟು, ಒಳಗೆ ಹಳೆಯ ಮಾದರಿಯ 60 ಅಥವಾ 100 ವ್ಯಾಟಿನ ತಂತಿ ಬಲ್ಬನ್ನು ವೈಂಡಿಂಗಿಗೆ ತಾಗದಂತೆ ತೂಗುಬಿಡಬೇಕು. ಎಲ್‌ಇಡಿ ಇಲ್ಲಿ ಪ್ರಯೋಜನಕ್ಕೆ ಬಾರದು. ನಮಗೆ ಬೇಕಾದದ್ದು ಅದರಲ್ಲಿ ಇಲ್ಲದ ಶಾಖ. ಸುತ್ತಲೂ ತಗಡಿನ ಮರೆ ಕಟ್ಟಿ, ತೇವ ಹೊರಹೋಗಲು ಮೇಲ್ಗಡೆ ಕಂಡಿ ಬಿಡಬೇಕು. ಗೋಣಿಚೀಲ ಹೊದಿಸಿ ಒಳಗೆ ಬಲ್ಬು ಹಚ್ಚಿಟ್ಟು ಮಲಗುವ ಪದ್ಧತಿ ಬೆಂಕಿಗೆ ಆಹ್ವಾನ. ಕೆಂಡದ ಬಾಣಲೆ ಇಡುವುದೂ ಬೇಡ; ಅದು ಒಂದು ಕಡೆ ಎನಾಮಲನ್ನು ಸುಟ್ಟು, ಇನ್ನೊಂದು ಕಡೆ ಮಸಿ ಕೂರಿಸುತ್ತದೆ. ವೈಂಡಿಂಗಿನ ಬಿಸಿ 80 ಡಿಗ್ರಿ ಮೀರಬಾರದು ಮತ್ತು ಆ ಮಟ್ಟಕ್ಕೆ ನಿಧಾನವಾಗಿ ಏರಬೇಕು. ಬೇಗ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ವಾರ್ನಿಷನ್ನು ಒಡೆದುಕೊಂಡು ಬರುತ್ತದೆ.

ಗಂಟೆಗೊಮ್ಮೆ ಬಲ್ಬಿನ ಪ್ಲಗ್ ತೆಗೆದು ಅಳೆದು ಬರೆಯುತ್ತಾ ಹೋದರೆ ಅನನುಭವಿಗಳು ಗಾಬರಿಯಾಗುವ ಒಂದು ಸಂಗತಿ ಎದುರಾಗುತ್ತದೆ. ಉದಾಹರಣೆಗೆ ಆರಂಭದಲ್ಲಿ 0.8 ಮೆಗಾಓಮ್ ಇದ್ದದ್ದು ಎರಡು ಮೂರು ಗಂಟೆಯಲ್ಲಿ 0.3ಕ್ಕೆ ಇಳಿಯಬಹುದು. ಮೋಟಾರು ಕೆಟ್ಟಿತೆಂದು ಇಲ್ಲಿ ಕೈಬಿಡಬಾರದು. ಬಿಸಿ ಏರಿದಂತೆ ನಿರೋಧ ಇಳಿಯುವುದು ವಸ್ತುವಿನ ಗುಣ. ತೇವವೂ ಇನ್ನೂ ಒಳಗೇ ಇದೆ. ತೇವ ಹೊರಹೋಗಲು ತೊಡಗಿದ ಮೇಲೆ ಅದೇ ಬಿಸಿಯಲ್ಲಿ ಅಂಕಿ ತಿರುಗಿ 1, 4, 15 ಎಂದು ಏರುತ್ತದೆ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಸತತ ಹಲವು ಅಳತೆಗಳಲ್ಲಿ ಏರಿಕೆ ನಿಂತರೆ ಒಣಗಿದೆ ಎಂದು ತಿಳಿದು, ತಣಿದ ಮೇಲೆ ಕೊನೆಯ ಅಳತೆ ತೆಗೆದುಕೊಳ್ಳಬೇಕು. ಎಷ್ಟು ಒಣಗಿಸಿದರೂ 1 ಮೆಗಾಓಮ್ ಸುತ್ತಲೇ ಸುಳಿದರೆ ಆಗ ರಿವೈಂಡಿಂಗ್ ಮಾತು.

ರಿವೈಂಡಿಂಗ್ ಮಾಡಿಸುವಾಗ ತಂತಿಯ ತೂಕದ ಬಗ್ಗೆ ಚೌಕಾಸಿ ಮಾಡುವ ನಾವು ವಾರ್ನಿಷ್ ಬಗ್ಗೆ ಕೇಳುವುದೇ ಇಲ್ಲ. ಮಲೆನಾಡಿಗೆ ಮುಖ್ಯ ಅದೇ. ನಾಮಫಲಕದ ಕ್ಲಾಸಿಗೆ ಸರಿಹೊಂದುವ ಸ್ಲಾಟ್ ಪೇಪರ್, ಸ್ಲೀವ್ ಹಾಕಿ, ವೈಂಡಿಂಗನ್ನು ಮೊದಲು ಕಾಯಿಸಿ ತೇವ ತೆಗೆದು, ವಾರ್ನಿಷಿನಲ್ಲಿ ಮುಳುಗಿಸಿ, ಓವನ್‌ನಲ್ಲಿ ಬೇಯಿಸಿ ಕೊಡುವಂತೆ ಕೇಳಬೇಕು. ಬ್ರಷ್‌ನಿಂದ ಮೇಲೆ ಹಚ್ಚಿ ಬಿಸಿಲಿಗಿಟ್ಟ ವಾರ್ನಿಷ್ ತಂತಿಗಳ ನಡುವಿನ ಸಂದುಗಳಿಗೆ ಇಳಿಯುವುದಿಲ್ಲ. ಮನೆಗೆ ತಂದ ದಿನವೇ ಅಳೆದು ಆ ಅಂಕಿಯನ್ನು ಬರೆದಿಡಬೇಕು.

ಏಳನೇ ಹಂತ: ಬೋರ್‌ವೆಲ್ ಮೋಟಾರು ಮತ್ತು ಕೇಬಲ್ ಜಾಯಿಂಟ್

ಕಡೂರು, ಅರಸೀಕೆರೆಗಳ ಬಯಲುಸೀಮೆಯಲ್ಲಿ ಮಳೆಯ ಕಾಟವಿಲ್ಲ, ಆದರೆ ಅಲ್ಲಿಯ ಮೋಟಾರು ನೀರಿನಲ್ಲೇ ಮುಳುಗಿದೆ. ಸಬ್‌ಮರ್ಸಿಬಲ್ ಮೋಟಾರಿನ ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ ಪದರವನ್ನೇ ಸುತ್ತಿರುವುದರಿಂದ ಅದು ನೀರು ತುಂಬಿಕೊಂಡೇ ಓಡುತ್ತದೆ. ಅಳೆಯಲು ಮೇಲಿನ ಸ್ಟಾರ್ಟರಿನಿಂದ ಚಪ್ಪಟೆ ಕೇಬಲಿನ ಮೂರು ಕೋರ್‌ಗಳನ್ನು ಬಿಚ್ಚಿ ಒಟ್ಟಿಗೆ ಸೇರಿಸಿ, ಅವಕ್ಕೂ ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗಿಗೂ ನಡುವೆ 500 ವೋಲ್ಟ್ ಹಾಕಬೇಕು. ಹೊಸ ಮೋಟಾರು ಇಳಿಸಿದ ಮೇಲೆ 2 ಮೆಗಾಓಮ್‌ಗಿಂತ ಹೆಚ್ಚು ಬರಬೇಕು. ಬಳಕೆಯಲ್ಲಿರುವುದಕ್ಕೆ 0.5ರಿಂದ 2ರವರೆಗೆ ಬಂದರೆ ಓಡಿಸಬಹುದು, 0.5ಕ್ಕಿಂತ ಕೆಳಗಿದ್ದರೆ ಎತ್ತಿಸಿ ನೋಡಬೇಕು. ಕೇಬಲ್ ಉದ್ದವಾದಷ್ಟೂ ಸೋರಿಕೆಯ ದಾರಿಗಳು ಹೆಚ್ಚಾಗಿ ಅಂಕಿ ಕಡಿಮೆ ಬರುತ್ತದೆ ಎಂಬುದನ್ನೂ ನೆನಪಿಡಬೇಕು.

ಎತ್ತಿದ ಮೇಲೆ ದೋಷ ಸಿಗುವುದು ಮೋಟಾರಿಗಿಂತ ಹೆಚ್ಚಾಗಿ ಜಾಯಿಂಟಿನಲ್ಲಿ. ಜಾಯಿಂಟ್ ಮಾಡುವಾಗ ಮೂರೂ ಕೋರ್‌ಗಳನ್ನು ಒಂದೇ ಜಾಗದಲ್ಲಿ ಕತ್ತರಿಸದೆ ಹಿಂದುಮುಂದಾಗಿ ಕತ್ತರಿಸಬೇಕು. ಆಗ ಒಂದರ ಟೇಪ್ ಸೋರಿದರೂ ಪಕ್ಕದ್ದಕ್ಕೆ ತಾಗುವುದಿಲ್ಲ. ಕೋರಿನ ಪಿವಿಸಿಯನ್ನು ಎರಡೂ ಕಡೆ ಮರಳು ಕಾಗದದಿಂದ ಸ್ವಲ್ಪ ಉಜ್ಜಿ, ಗ್ರೀಸ್ ಇಲ್ಲದ ಒಣ ಕೈಯಿಂದ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತಾ, ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತಬೇಕು. ಅದರ ಮೇಲೆ ಪಿವಿಸಿ ಟೇಪ್. ಪಿವಿಸಿ ಟೇಪನ್ನೇ ನೇರವಾಗಿ ಸುತ್ತಿದರೆ ಅದರ ಅಂಟು ನೀರಿನಲ್ಲಿ ಬಿಟ್ಟುಕೊಂಡು ಬರುತ್ತದೆ. ಬೋರ್‌ವೆಲ್‌ಗೆ ಇಳಿಸುವ ಮುನ್ನ ಜಾಯಿಂಟನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಕೇಬಲ್ ತುದಿಗಳನ್ನು ಒಣದಾಗಿ ಹೊರಗಿರಿಸಿ, ನೀರಿಗೆ ಒಂದು ಬರಿಯ ತಾಮ್ರದ ತಂತಿ ಬಿಟ್ಟು, ಕೋರಿಗೂ ಆ ತಂತಿಗೂ ನಡುವೆ ಅಳೆಯಬೇಕು. ನೂರಾರು ಅಡಿ ಪೈಪು ಇಳಿಸಿ ಮತ್ತೆ ಎತ್ತುವ ಖರ್ಚಿನ ಮುಂದೆ ಒಂದು ಡ್ರಮ್ಮು ನೀರು ಏನೂ ಅಲ್ಲ.

ಮೆಗ್ಗರಿಗೆ ಸಿಗದ ಒಂದು ನಿರೋಧಕ

ತೋಟದ ಮೇಲೆ ಹಾದುಹೋಗುವ 11 ಕಿಲೋವೋಲ್ಟ್ ತಂತಿಗಳಿಗೆ ಸಾಮಾನ್ಯವಾಗಿ ಯಾವ ಹೊದಿಕೆಯೂ ಇರುವುದಿಲ್ಲ. ಕಂಬದ ಬಳಿ ಇನ್ಸುಲೇಟರ್, ಉಳಿದಂತೆ ಸುತ್ತಲಿನ ಗಾಳಿ, ಇಷ್ಟೇ ಅವುಗಳ ರಕ್ಷಣೆ. ಕಾಳುಮೆಣಸು ಕೊಯ್ಯಲು, ಮರಗಸಿ ಮಾಡಲು ಬಳಸುವ ಅಲ್ಯೂಮಿನಿಯಮ್ ಏಣಿಯನ್ನು ನೆಟ್ಟಗೆ ಎತ್ತಿ ಸಾಗಿಸುವಾಗ ಆ ಗಾಳಿಯ ಅಂತರ ಇಲ್ಲವಾಗುತ್ತದೆ. ತೋಟಗಳಲ್ಲಿ ಜೀವಹಾನಿ ಆಗುವುದು ಹೀಗೆಯೇ. ಬಿದಿರು ಅಥವಾ ಅಡಿಕೆ ದೋಟಿ ಒಣಗಿದ್ದಾಗ ನಿರೋಧಕವೆನಿಸಿದರೂ ಹಸಿಯಾದಾಗ, ಮಳೆಯಲ್ಲಿ ನೆನೆದಾಗ ಅದೂ ವಾಹಕವೇ. ತಂತಿ ಹಾದುಹೋಗುವ ಪಟ್ಟಿಯಲ್ಲಿ ಏಣಿಯನ್ನು ಮಲಗಿಸಿಯೇ ಸಾಗಿಸಬೇಕು. ಆ ಸಾಲಿನ ಮೆಣಸನ್ನು ಲೈನ್ ಆಫ್ ಮಾಡಿಸಿಕೊಂಡು ಕೊಯ್ಯಬೇಕು, ಇಲ್ಲವೇ ಬಿಟ್ಟುಬಿಡಬೇಕು.

ಎಂಟನೇ ಹಂತ: ಬರೆದಿಡುವುದು

ಒಂದು ಸಲದ ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ. ವರ್ಷದಿಂದ ವರ್ಷಕ್ಕೆ 60, 55, 58 ಎಂದು ಬಂದ ಮೋಟಾರು ಆರೋಗ್ಯವಾಗಿದೆ. 200, 90, 25 ಎಂದು ಬಂದದ್ದು ಇನ್ನೂ ಮಿತಿಯ ಮೇಲೇ ಇದ್ದರೂ ಮುಂದಿನ ಮಳೆಗಾಲವನ್ನು ದಾಟುವುದು ಅನುಮಾನ. ದಿನಾಂಕ, ಹವೆ, ಉಷ್ಣತೆ, ಮೆಗ್ಗರಿನ ವೋಲ್ಟೇಜ್, 30 ಮತ್ತು 60 ಸೆಕೆಂಡಿನ ಅಂಕಿಗಳು, ಅಳೆದವರ ಹೆಸರು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಕೊನೆಯ ಅಂಕಿಯನ್ನು ಸ್ಟಾರ್ಟರ್ ಬಾಗಿಲಿನ ಒಳಗಡೆ ಮಾರ್ಕರಿನಿಂದಲೂ ಬರೆಯುವುದು ಒಳ್ಳೆಯದು. ಎಲೆಕ್ಟ್ರಿಷಿಯನ್ ಬದಲಾದರೂ ಅಂಕಿ ಅಲ್ಲೇ ಉಳಿಯುತ್ತದೆ.

ಕಾರ್ಮಿಕರ ಲೈನ್ ಮನೆಗಳಿಗೂ ಇದೇ ಪುಸ್ತಕದಲ್ಲಿ ಪುಟಗಳಿರಬೇಕು. ತಗಡಿನ ಗೋಡೆ, ಒಂದೇ ಬೋರ್ಡಿನಿಂದ ನಾಲ್ಕಾರು ಮನೆಗೆ ಎಳೆದ ವೈರು, ಬಾಗಿಲ ಪಕ್ಕದಲ್ಲೇ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಇರುವ ಜಾಗದಲ್ಲಿ ಒಂದು ಸೋರುವ ಹೋಲ್ಡರ್ ಇಡೀ ಸಾಲಿಗೇ ಕರೆಂಟ್ ಹರಿಸಬಲ್ಲದು. ಆ ಸಾಲಿನ ಪ್ರತಿ ಮನೆಯನ್ನೂ ಪ್ರತ್ಯೇಕವಾಗಿ ಅಳೆದು, ಪ್ರತಿ ಸಾಲಿಗೂ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವ ಕೆಲಸವನ್ನು ರೈಟರಿಗೆ ಒಪ್ಪಿಸಬೇಕು. ಬಟ್ಟೆಯ ತಂತಿಯನ್ನು ತೆಗೆಸಿ ನೈಲಾನ್ ಹಗ್ಗ ಕಟ್ಟಿಸುವುದಕ್ಕಂತೂ ಯಾವ ಮೆಗ್ಗರೂ ಬೇಕಾಗಿಲ್ಲ, ಅದನ್ನು ಇಂದೇ ಮಾಡಿಸಬಹುದು.